ಕಂಬಳದ ಮರುದಿನ

ಡಾಕ್ಟರು ಹೆಬ್ಬೆರಳಿನಿಂದ ನನ್ನ ಎಡಗಾಲಿನ ಮೂಳೆಯನ್ನು ಒತ್ತುತ್ತಾ ಬಂದರು. ಮೊಣಕಾಲಿನ ಕೆಳಗೆ ಶುರು ಮಾಡಿ ಒಂದೊಂದೇ ಅಂಗುಲ ಇಳಿದರು. ಮೊದಲು ಏನೂ ಅನಿಸಲಿಲ್ಲ. ಪಾದಕ್ಕೆ ಇನ್ನೊಂದು ಗೇಣು ಇರುವಾಗ ಒಂದು ಜಾಗ ಸಿಕ್ಕಿತು. ರೂಪಾಯಿ ನಾಣ್ಯದಷ್ಟು ಜಾಗ. ಅಲ್ಲಿ ಒತ್ತಿದ ಕೂಡಲೇ ನಾನು ಮಂಚದಿಂದ ಎದ್ದು ಕೂತೆ. "ಇಲ್ಲೇ ಅಲ್ವಾ?" ಅಂದರು. ಆ ಜಾಗ ನನಗೆ ಮೂರು ವಾರದಿಂದ ಗೊತ್ತಿತ್ತು. ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನೇ ಒತ್ತಿ ನೋಡುತ್ತಿದ್ದೆ. ನೋವಿದೆ ಅಂತ ಗೊತ್ತಿದ್ದೂ ಬೆಳಿಗ್ಗೆ ಐದಕ್ಕೆ ಎದ್ದು ಓಡಲು ಶೂ ಕಟ್ಟುತ್ತಿದ್ದೆ.

ಅದು 2023ರ ನವೆಂಬರ್. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಇಂಥ ಪೆಟ್ಟು ಶುರುವಿನಲ್ಲಿ ಎಕ್ಸ್‌ರೇಗೆ ಸಿಗುವುದು ಕಡಿಮೆಯಂತೆ. ಎಂಆರ್‌ಐಯಲ್ಲಿ ಸಿಕ್ಕಿತು. ಬಿರುಕು ಇನ್ನೂ ಬಿಟ್ಟಿರಲಿಲ್ಲ, ಆದರೆ ಮೂಳೆ ಆ ದಾರಿಯಲ್ಲಿತ್ತು. ಹೀಗೇ ಓಡಿದರೆ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಪದೇ ಪದೇ ಭಾರ ಬಿದ್ದು ಮೂಳೆ ಬಿರುಕು ಬಿಡುವುದು, ಖಂಡಿತ ಅಂದರು. ಎಂಟು ವಾರ ಓಟ ಬಂದ್. ಜನವರಿಯ ಮುಂಬಯಿ ಮ್ಯಾರಥಾನಿಗೆ ಹೆಸರು ಕೊಟ್ಟಾಗಿತ್ತು. ಮತ್ಸ್ಯಗಂಧ ರೈಲಿನ ಟಿಕೆಟ್ ಕೂಡ ಆಗಿತ್ತು. ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ತುಂಬಾ ಹೊತ್ತು ಅತ್ತೆ.

ನನಗೆ ಆಗ ಮೂವತ್ತೊಂಬತ್ತು. ಉಡುಪಿಯ ಒಂದು ಬ್ಯಾಂಕಿನಲ್ಲಿ ಕೌಂಟರ್ ಕೆಲಸ. ಮನೆ ಕಲ್ಮಾಡಿಯಲ್ಲಿ, ಮಲ್ಪೆಗೆ ನಡೆದು ಹೋಗುವಷ್ಟು ಹತ್ತಿರ. ಮನೆಯಲ್ಲಿ ಗಂಡ, ಅತ್ತೆ, ಏಳನೇ ಕ್ಲಾಸಿನ ಮಗಳು. ಮಲ್ಪೆಯ ಮರಳಿನ ಮೇಲೆ ನಡೆಯಲು ಶುರು ಮಾಡಿದವಳು ನಾಲ್ಕೈದು ವರ್ಷದಲ್ಲಿ ಹಾಫ್ ಮ್ಯಾರಥಾನ್ ಓಡುವ ತನಕ ಬಂದಿದ್ದೆ. ಓಟ ನನಗೆ ಬಹಳ ಕೊಟ್ಟಿದೆ. ದಿನದಲ್ಲಿ ಆ ಒಂದು ಗಂಟೆ ಪೂರ್ತಿ ನನ್ನದು. ಹಾಗಾಗಿ ಅದನ್ನು ಬಿಡು ಅಂತ ಯಾರು ಹೇಳಿದರೂ, ಒಂದು ದಿನದ ಮಟ್ಟಿಗಾದರೂ, ನನ್ನಿಂದ ಏನೋ ಕಿತ್ತುಕೊಂಡ ಹಾಗೆ ಅನಿಸುತ್ತಿತ್ತು. ಕಾಲು ಹಾಳಾದ ಕಥೆಗೆ ಅದೇ ಬುಡ ಅಂತ ಈಗ ತಿಳಿಯುತ್ತದೆ.

ಆ ವರ್ಷ ನಾನು ಹಿಡಿದಿದ್ದು ಇಂಟರ್ನೆಟ್‌ನಲ್ಲಿ ಸಿಕ್ಕಿದ ಹದಿನಾರು ವಾರದ ಪ್ಲಾನ್. ಮಂಗಳವಾರ ಏರು, ಗುರುವಾರ ವೇಗದ ಓಟ, ಭಾನುವಾರ ಲಾಂಗ್ ರನ್, ನಡುವೆ ಎರಡು ದಿನ ನಿಧಾನದ ಓಟ. ಏರಿಗೆ ಉಡುಪಿಯಿಂದ ಮಣಿಪಾಲಕ್ಕೆ ಹತ್ತುವ ರಸ್ತೆ. ವೇಗಕ್ಕೆ ಅಜ್ಜರಕಾಡು ಮೈದಾನ. ಭಾನುವಾರ ಪಡುಕೆರೆ ಸೇತುವೆ ದಾಟಿ, ಒಂದು ಪಕ್ಕ ಕಡಲು ಇನ್ನೊಂದು ಪಕ್ಕ ಹೊಳೆ ಇಟ್ಟುಕೊಂಡು, ಮಟ್ಟು ಕಳೆದು ಕಾಪು ದೀಪಸ್ತಂಭದ ತನಕ. 1901ರಲ್ಲಿ ಕಟ್ಟಿದ ಆ ದೀಪಸ್ತಂಭ ಮುಟ್ಟಿ ವಾಪಸ್ ಬಂದರೆ ಹತ್ತಿರ ಹತ್ತಿರ ಮೂವತ್ತು ಕಿಲೋಮೀಟರ್. ನಾನು ಓಡಿದ ದಾರಿಗಳಲ್ಲಿ ಇಷ್ಟು ಚೆಂದದ್ದು ಬೇರೆ ಇಲ್ಲ.

ಪ್ಲಾನಿನಲ್ಲಿ ತಪ್ಪಿರಲಿಲ್ಲ. ಅದು ನಮ್ಮ ಊರಿಗೆ ಬರೆದದ್ದಾಗಿರಲಿಲ್ಲ, ಅಷ್ಟೇ. ನಮ್ಮ ಸೆಕೆಯ ವಿಷಯ ಹೊರಗಿನವರಿಗೆ ಹೇಳಿದರೆ ಅರ್ಥ ಆಗುವುದು ಕಷ್ಟ. ಬೆವರು ಬಂದರೆ ಸಾಲದು, ಅದು ಆರಬೇಕು. ಆರುವಾಗಲೇ ಮೈಯ ಬಿಸಿಯನ್ನು ಹೊತ್ತುಕೊಂಡು ಹೋಗುವುದು. ಕರಾವಳಿಯ ಗಾಳಿಯಲ್ಲಿ ಮೊದಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ, ಸುಮ್ನೆ ಇಳಿದು ಹೋಗುತ್ತದೆ. ಮೈ ತಣ್ಣಗಾಗಲಿ ಅಂತ ಹೃದಯ ಚರ್ಮದ ಕಡೆಗೆ ಜಾಸ್ತಿ ರಕ್ತ ಕಳಿಸಬೇಕು, ಕಾಲಿಗೂ ಕಳಿಸಬೇಕು. ಮೈಯಿಂದ ನೀರು ಹೋದ ಹಾಗೆ ರಕ್ತದ ಪ್ರಮಾಣವೂ ಇಳಿಯುತ್ತದೆ. ಆಗ ಅದೇ ವೇಗದಲ್ಲಿ ಓಡುತ್ತಿದ್ದರೂ ಎದೆಬಡಿತ ಏರುತ್ತಲೇ ಹೋಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿ ಬೆಳಿಗ್ಗೆ ತಂಪು. ಅಲ್ಲಿರುವ ಗೆಳತಿ ಕಿಲೋಮೀಟರಿಗೆ ಆರೂವರೆ ನಿಮಿಷದಲ್ಲಿ ಮಾತಾಡುತ್ತಾ ಓಡುತ್ತಾಳೆ. ನಾನು ಅಕ್ಟೋಬರ್‌ನಲ್ಲಿ ಮಲ್ಪೆಯಲ್ಲಿ ಅದೇ ವೇಗಕ್ಕೆ ಹೋದರೆ ಎರಡು ಶಬ್ದಕ್ಕಿಂತ ಜಾಸ್ತಿ ಬಾಯಿಂದ ಬರುವುದಿಲ್ಲ. ಪ್ಲಾನಿನಲ್ಲಿ 'ನಿಧಾನ' ಅಂತ ಬರೆದ ವೇಗ ನನ್ನ ಮೈಗೆ ನಿಧಾನವಾಗಿರಲಿಲ್ಲ. ವಾರಕ್ಕೆ ಐದು ದಿನ ಕಷ್ಟದ ಓಟವೇ ಓಡುತ್ತಿದ್ದೆ ಅಂತ ಆಯಿತು.

ಮರಳಿನದ್ದೂ ಒಂದು ವಿಷಯ ಇದೆ. ಇಳಿತದ ಹೊತ್ತಿಗೆ ನೀರಿನ ಪಕ್ಕದ ಒದ್ದೆ ಮರಳು ಗಟ್ಟಿಯಾಗಿ ಓಡಲು ಹಿತವಾಗಿರುತ್ತದೆ. ಆದರೆ ಅದು ಕಡಲ ಕಡೆಗೆ ವಾರೆ. ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ. ಹೋಗುವಾಗ ಒಂದು ಕಾಲಿಗೆ ಬಿದ್ದ ಭಾರ ಬರುವಾಗ ಇನ್ನೊಂದಕ್ಕೆ ಬೀಳುತ್ತದೆ, ಸರಿಹೋಗುತ್ತದೆ ಅಂದುಕೊಂಡಿದ್ದೆ. ಆದರೆ ನಾನು ಬರುವಾಗ ಬಿಸಿಲು ಏರಿತು ಅಂತ ಮರಳು ಬಿಟ್ಟು ರಸ್ತೆ ಹಿಡಿಯುತ್ತಿದ್ದೆ. ಮಲ್ಪೆಯಲ್ಲಿ ಓಡುವವರು ಇದನ್ನು ದಯವಿಟ್ಟು ಗಮನಿಸಿ.

ಸೆಕೆ, ಮರಳು, ಪ್ಲಾನ್ ಎಲ್ಲ ಸೇರಿಯೂ ಕಾಲನ್ನು ಅಷ್ಟು ಕೆಡಿಸುತ್ತಿರಲಿಲ್ಲವೇನೋ. ಉಳಿದ ಇಪ್ಪತ್ತಮೂರು ಗಂಟೆ ನಾನು ಏನು ಮಾಡುತ್ತಿದ್ದೆ ಅನ್ನುವುದನ್ನೂ ಹೇಳಬೇಕು.

ಪ್ಲಾನಿನಲ್ಲಿ ಸೋಮವಾರ ಮತ್ತು ಶುಕ್ರವಾರದ ಎದುರು 'ರೆಸ್ಟ್' ಅಂತ ಇತ್ತು. ಸೋಮವಾರ ನನ್ನ ದಿನ ಹೀಗಿತ್ತು. ಐದಕ್ಕೆ ಏಳುವುದು, ಓಟ ಇಲ್ಲದಿದ್ದರೂ. ಆ ಹೊತ್ತಿನಲ್ಲಿ ಹಿಂದಿನ ವಾರ ಬಾಕಿ ಆದ ಕೆಲಸ. ದೋಸೆಗೆ ಕಡೆಯುವುದು, ಮೂರು ಬುತ್ತಿ, ಅತ್ತೆಯ ಕಷಾಯ, ಬಟ್ಟೆ. ಎಂಟೂವರೆಗೆ ಬಸ್ಸು, ಸಿಟಿ ಬಸ್ ಸ್ಟ್ಯಾಂಡ್ ತನಕ ನಿಂತುಕೊಂಡೇ. ಸೋಮವಾರ ಬ್ಯಾಂಕಿನಲ್ಲಿ ಜನ ಜಾಸ್ತಿ. ಸಂಜೆ ಮೀನು ತಂದು ಕೊಯ್ದು ಸಾರು ಮಾಡಿ, ಮಗಳ ಲೆಕ್ಕ ನೋಡಿ, ಮಲಗುವಾಗ ಹನ್ನೊಂದು. ಭಾನುವಾರ ಇಪ್ಪತ್ತಾರು ಕಿಲೋಮೀಟರ್ ಓಡಿದ ಕಾಲು ಸೋಮವಾರ ಎಷ್ಟು ಹೊತ್ತು ನೆಲ ಬಿಟ್ಟಿತ್ತು ಅಂತ ಲೆಕ್ಕ ಹಾಕಿದರೆ ಆರು ಗಂಟೆ. ಅದೂ ನಿದ್ದೆಯಲ್ಲಿ. ಅದನ್ನು ನಾನು ವಿಶ್ರಾಂತಿಯ ದಿನ ಅಂತ ಪುಸ್ತಕದಲ್ಲಿ ಬರೆದು ಇಡುತ್ತಿದ್ದೆ.

ಊಟದ್ದೂ ಹಾಗೆಯೇ. ಓಡಿ ಬಂದ ಕೂಡಲೇ ಅಡುಗೆಮನೆಗೆ ನುಗ್ಗಿ ಎಲ್ಲರಿಗೂ ಬಡಿಸಿ, ನಾನು ತಿನ್ನುವಾಗ ಒಂಬತ್ತೂವರೆ. ಎಷ್ಟೋ ದಿನ ಅದೂ ಎರಡು ಬಿಸ್ಕತ್ತು, ಚಾ. ಸಪೂರ ಆದೆ. ಮದುವೆ ಮನೆಗಳಲ್ಲಿ ಎಲ್ಲರೂ "ಎಷ್ಟು ಸಪೂರ ಆಗಿದ್ದೀ ಮಾರಾಯ್ತಿ" ಅಂತ ಹೊಗಳಿದರು, ನನಗೂ ಖುಷಿಯಾಯಿತು. ಎರಡು ತಿಂಗಳು ಮುಟ್ಟು ನಿಂತಿತ್ತು. ವಯಸ್ಸಿನದ್ದು ಅಂದುಕೊಂಡೆ. ಡಾಕ್ಟರು ಮೊದಲು ಕೇಳಿದ್ದೇ ಅದನ್ನು. ಓಟಕ್ಕೆ ಖರ್ಚಾಗುವಷ್ಟು ತಿನ್ನದಿದ್ದರೆ ಮೈ ಬೇರೆ ಕಡೆ ಉಳಿತಾಯಕ್ಕೆ ಇಳಿಯುತ್ತದೆ. ಮುಟ್ಟು ನಿಲ್ಲಿಸುತ್ತದೆ, ಈಸ್ಟ್ರೋಜೆನ್ ಇಳಿಯುತ್ತದೆ, ಮೂಳೆ ಸೊರಗುತ್ತದೆ. ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ 'ರೆಡ್-ಎಸ್' ಅಂತ ಹೆಸರಿಟ್ಟಿತು. ಗಂಡಸರಿಗೂ ಆಗುತ್ತದೆ, ಅವರಿಗೆ ಮುಟ್ಟಿನಂಥ ಸೂಚನೆ ಇಲ್ಲದ ಕಾರಣ ತಡವಾಗಿ ತಿಳಿಯುತ್ತದೆ. ಇದನ್ನು ಬರೆಯಲು ಸಂಕೋಚ ಇತ್ತು. ಆದರೆ ನನ್ನ ಜೊತೆ ಓಡುವ ಹೆಂಗಸರಲ್ಲಿ ಯಾರೂ ಇದರ ಬಗ್ಗೆ ಬಾಯಿ ಬಿಟ್ಟಿದ್ದನ್ನು ನಾನು ಕೇಳಿಲ್ಲ, ಹಾಗಾಗಿ ಬರೆಯಲೇಬೇಕು ಅನಿಸಿತು.

ಡಿಸೆಂಬರಿನಲ್ಲಿ ಕಾಲಿಗೆ ಅಂತ ಹಾಕಿದ್ದ ರಜೆಯಲ್ಲಿ ಒಂದು ಸೋಮವಾರ ಮಿಯಾರಿನ ಸೋದರಮಾವನ ಮನೆಗೆ ಹೋದೆ. ಕಾರ್ಕಳದ ಪಕ್ಕದ ಊರು. ಮಾವ ಅಲ್ಲಿನ ಒಂದು ಗುತ್ತಿನ ಮನೆಯ ಕಂಬಳದ ಕೋಣಗಳನ್ನು ಮೂವತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದಾರೆ. ಶನಿವಾರ ಬೆಳಿಗ್ಗೆ ಹೋದ ಜೋಡಿ ಇಡೀ ರಾತ್ರಿಯ ಕಂಬಳ ಮುಗಿಸಿ ಭಾನುವಾರ ಹಟ್ಟಿಗೆ ಬಂದಿತ್ತು. ನಾನು ಹೋಗುವಾಗ ಮಾವ ಕೋಣದ ಮುಂಗಾಲಿನ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದರು. ಗೊರಸಿನ ಮೇಲಿನ ಗಂಟಿಗೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಿಸಿ ಇದೆಯಾ ಅಂತ ನೋಡುವುದು. ಆಮೇಲೆ ಹೆಬ್ಬೆರಳಿನಿಂದ ಒತ್ತುತ್ತಾ ಮೇಲೆ ಬಂದರು. ಒಂದು ಕಡೆ ಕೋಣದ ಚರ್ಮ ಚೂರು ಅದುರಿತು. ಮಾವ ಅಲ್ಲೇ ನಿಲ್ಲಿಸಿ, ಬೇರೆ ಕಾಲಿನಲ್ಲಿ ಅದೇ ಜಾಗ ಒತ್ತಿ ನೋಡಿದರು. ಅಲ್ಲಿ ಅದುರಲಿಲ್ಲ. ಬಟ್ಟಲಿನಿಂದ ತೆಂಗಿನೆಣ್ಣೆ ತೆಗೆದು ಆ ಜಾಗಕ್ಕೆ ಹಚ್ಚಲು ಶುರು ಮಾಡಿದರು.

ನಾವು ಮಾತಾಡುವುದು ತುಳುವಿನಲ್ಲಿ. ಅದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇವತ್ತು ಇವನಿಗೆ ಎಂತ ಕೆಲಸ ಇಲ್ವಾ ಮಾವ?" ಅಂತ ಕೇಳಿದೆ.

"ಇವತ್ತು ಇಲ್ಲ, ನಾಳೆಯೂ ಇಲ್ಲ."

"ಹಾಗಾದ್ರೆ ಸುಮ್ನೆ ಕಟ್ಟಿ ಹಾಕೋದಾ?"

"ಕಟ್ಟಿ ಹಾಕಿದ್ರೆ ಕಾಲು ಹಿಡೀತದೆ ಮಗಾ. ಕೆರೆಗೆ ಬಿಡ್ಬೇಕು, ಈಜಬೇಕು. ಎಣ್ಣೆ ಹಾಕ್ಬೇಕು. ಹುರುಳಿ ಬೇಯ್ಸಿ ಕೊಡ್ಬೇಕು. ಇವತ್ತು ಕೆಲಸ ಜಾಸ್ತಿಯೇ ಉಂಟು. ಇವನಿಗಲ್ಲ, ನಮಗೆ."

ಆ ಮಾತು ನನ್ನ ಒಳಗೆ ಹೋಗಿ ಕೂತಿತು. ಹಟ್ಟಿಯ ಹಿಂದೆ ದೊಡ್ಡ ಪಾತ್ರೆಯಲ್ಲಿ ಹುರುಳಿ ಬೇಯುತ್ತಿತ್ತು. ಒಬ್ಬ ಹುಡುಗ ಹಸಿ ಹುಲ್ಲು ತರುತ್ತಿದ್ದ. ಇನ್ನೊಬ್ಬ ಬೈಹುಲ್ಲು ಹಾಸಿ ಮಲಗುವ ಜಾಗ ಸರಿ ಮಾಡುತ್ತಿದ್ದ. ಒಂದು ಜೋಡಿ ಕೋಣದ ವಿಶ್ರಾಂತಿಗೆ ಮೂರು ಜನ ಬೆಳಿಗ್ಗೆಯಿಂದ ದುಡಿಯುತ್ತಿದ್ದರು. ಮಾವ ತಲೆ ಎತ್ತದೆ ಹೇಳಿದರು. "ಇವು ನೋವು ಅಂತ ಬಾಯಲ್ಲಿ ಹೇಳೂದಿಲ್ಲ ಅಲ್ವಾ. ನಾವೇ ಕೈ ಇಟ್ಟು ನೋಡ್ಬೇಕು." ಆಮೇಲೆ ನನ್ನ ಕಾಲಿನ ಪಟ್ಟಿಯ ಕಡೆಗೆ ನೋಡಿ, "ನಿಂದು ಯಾರು ನೋಡೂದು?" ಅಂತ ಕೇಳಿದರು. "ನಾನೇ ಮಾವ" ಅಂದೆ. ಅವರು ಏನೂ ಹೇಳಲಿಲ್ಲ. ಎಣ್ಣೆ ಹಚ್ಚುವುದನ್ನು ಮುಂದುವರಿಸಿದರು.

ಓಟ ಇಲ್ಲದ ಆ ಎಂಟು ವಾರದಲ್ಲಿ ಕೈಗೆ ಸಿಕ್ಕಿದ್ದೆಲ್ಲ ಓದಿದೆ. ನನಗೆ ದೊಡ್ಡ ಪಾಠ ಆಗಿದ್ದು ಮೂಳೆಯ ವಿಷಯ. ಮೂಳೆ ಕಲ್ಲಿನ ಹಾಗೆ ಒಂದೇ ರೀತಿ ಇರುವ ವಸ್ತು ಅಂದುಕೊಂಡಿದ್ದೆ. ಅದು ಯಾವಾಗಲೂ ರಿಪೇರಿಯಲ್ಲೇ ಇರುತ್ತದೆ. ಓಡಿದಾಗ ಅದರಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಗೀರು ಬೀಳುತ್ತದೆ. ಒಂದು ಬಗೆಯ ಕೋಶಗಳು ಬಂದು ಆ ಹಾಳಾದ ಭಾಗವನ್ನು ಕರಗಿಸಿ ತೆಗೆಯುತ್ತವೆ. ಆಮೇಲೆ ಇನ್ನೊಂದು ಬಗೆಯವು ಬಂದು ಹೊಸ ಮೂಳೆ ತುಂಬುತ್ತವೆ. ತೆಗೆಯುವ ಕೆಲಸ ಕೆಲವೇ ವಾರದಲ್ಲಿ ಮುಗಿಯುತ್ತದೆ, ತುಂಬಿ ಗಟ್ಟಿಯಾಗಲು ತಿಂಗಳುಗಳು ಬೇಕು. ಹಳೆಯ ಕೆಂಪುಕಲ್ಲಿನ ಗೋಡೆಯಲ್ಲಿ ಸವೆದ ಕಲ್ಲು ಕಿತ್ತು ಹೊಸದು ಕೂರಿಸುವ ಹಾಗೆ. ಕಲ್ಲು ಕಿತ್ತು ಇನ್ನೂ ಹೊಸದು ಕೂರಿಸದ ಹೊತ್ತಿನಲ್ಲಿ ಗೋಡೆ ಮೊದಲಿಗಿಂತಲೂ ಬಲಹೀನ. ಅದೇ ಹೊತ್ತಿನಲ್ಲಿ ನಾನು ಮೇಲೆ ಇನ್ನೊಂದು ಮಾಳಿಗೆ ಏರಿಸುತ್ತಿದ್ದೆ.

ಉಸಿರು ಮಾತ್ರ ಬೇಗ ಪಳಗುತ್ತದೆ. ಹೃದಯ, ರಕ್ತ, ಸ್ನಾಯು ಎಲ್ಲ ಕೆಲವು ವಾರದಲ್ಲಿ ಸುಧಾರಿಸುತ್ತವೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್‌ಗಳು ಮತ್ತು ಮೂಳೆ ಬಹಳ ಹಿಂದೆ ಉಳಿಯುತ್ತವೆ. ಪ್ಲಾನ್ ಹಿಡಿದು ಕೆಲವು ವಾರ ಆದಾಗ ನನಗೆ ಮಣಿಪಾಲದ ಏರು ಹಗುರ ಅನಿಸಿತ್ತು. ಇನ್ನೂ ಎರಡು ಸುತ್ತು ಸೇರಿಸಿದೆ. ಹಗುರ ಅನಿಸಿದ್ದು ನಿಜ. ಆದರೆ ಅದನ್ನು ಹೇಳಿದ್ದು ಶ್ವಾಸಕೋಶ, ಎಡಗಾಲಿನ ಮೂಳೆಯನ್ನು ಯಾರೂ ಕೇಳಿರಲಿಲ್ಲ.

ಅಮೆರಿಕದ ಓರೆಗನ್‌ನಲ್ಲಿ ಬಿಲ್ ಬೋವರ್‌ಮನ್ ಅನ್ನುವ ಕೋಚ್ ಇದ್ದರು. ನೈಕಿ ಕಂಪನಿಯನ್ನು ಶುರು ಮಾಡಿದ ಇಬ್ಬರಲ್ಲಿ ಒಬ್ಬರು. ಒಂದು ದಿನ ಕಷ್ಟದ ಓಟ, ಮರುದಿನ ಹಗುರ ಓಟ ಅನ್ನುವ ಕ್ರಮವನ್ನು ಬಳಕೆಗೆ ತಂದವರಲ್ಲಿ ಅವರ ಹೆಸರು ದೊಡ್ಡದು. ಅವರ ಹತ್ತಿರ ಕೆನ್ನಿ ಮೂರ್ ಅನ್ನುವ ಹುಡುಗನಿದ್ದ. ಎಷ್ಟು ಹೇಳಿದರೂ ಹಗುರ ದಿನಗಳಲ್ಲಿ ಕದ್ದು ಜಾಸ್ತಿ ಓಡುತ್ತಿದ್ದ. ಕೊನೆಗೆ ಬೋವರ್‌ಮನ್ ಅವನನ್ನು ಹಿಡಿದು ನಿಲ್ಲಿಸಿ, ಮೂರು ವಾರ ದಿನಕ್ಕೆ ಮೂರು ಮೈಲಿಗಿಂತ ಜಾಸ್ತಿ ಓಡಬಾರದು ಅಂತ ಕಟ್ಟುಮಾಡಿದರು. ಅದು ಮುಗಿದ ಮೇಲಿನ ರೇಸಿನಲ್ಲಿ ಅವನು ತನ್ನ ಹಳೆಯ ಟೈಮನ್ನು ಬಹಳ ದೂರ ಹಿಂದೆ ಹಾಕಿದ. 1972ರ ಮ್ಯೂನಿಕ್ ಒಲಿಂಪಿಕ್ ಮ್ಯಾರಥಾನಿನಲ್ಲಿ ನಾಲ್ಕನೆಯವನಾಗಿ ಬಂದ. ನನಗೆ ಈ ಕಥೆಯಲ್ಲಿ ಹಿಡಿಸಿದ್ದು ಗೆಲುವಲ್ಲ. ಆ ಹುಡುಗನ ಕಾಲಿಗೆ ಕೈ ಇಟ್ಟು ನೋಡುವವರು ಒಬ್ಬರು ಇದ್ದರು.

ಸ್ಟೀಫನ್ ಸೈಲರ್ ಅನ್ನುವ ವಿಜ್ಞಾನಿ ಬೇರೆ ಬೇರೆ ಆಟಗಳ ದೊಡ್ಡ ದೊಡ್ಡ ಆಟಗಾರರ ತರಬೇತಿಯನ್ನು ನೋಡಿ, ಅವರ ಹತ್ತರಲ್ಲಿ ಎಂಟು ಪಾಲು ತಾಲೀಮು ಹಗುರವಾದದ್ದೇ ಅಂತ ತೋರಿಸಿದರು. ಇದನ್ನು ಓದಿದಾಗ ನನಗೆ ಬೇರೊಂದು ಯೋಚನೆಯೂ ಬಂತು. ಅವರು ಓಡಿ ಬಂದು ತಿಂದು ಮಧ್ಯಾಹ್ನ ಮಲಗುತ್ತಾರೆ. ಅವರ ಉಳಿದ ದಿನವೂ ಹಗುರ. ನಮ್ಮಂಥವರು ಅವರ ಓಟದ ಅರ್ಧ ಓಡಬಹುದು, ಆದರೆ ಅವರ ವಿಶ್ರಾಂತಿಯ ಕಾಲುಭಾಗವೂ ನಮಗೆ ಇಲ್ಲ. ನಮ್ಮಂಥವರು ಎಷ್ಟು ಓಡಬಹುದು ಅನ್ನುವುದನ್ನು ಕಾಲಿನ ಶಕ್ತಿಯಿಂದ ಅಳೆಯಬಾರದು, ನಿದ್ದೆಯಿಂದ ಅಳೆಯಬೇಕು ಅಂತ ನನಗೆ ಖಚಿತವಾಗಿ ಅನಿಸುತ್ತದೆ.

ಮನೆಯಲ್ಲಿ ಈ ಮಾತು ತೆಗೆಯಲು ನನಗೆ ಎರಡು ವಾರ ಬೇಕಾಯಿತು. ನನ್ನ ಗಂಡನಿಗೆ ಯಕ್ಷಗಾನ ಅಂದರೆ ಜೀವ. ಬೆಳಗಿನ ತನಕ ಬಯಲಾಟ ನೋಡಿ ಬಂದ ದಿನ ಅವರು ಮಧ್ಯಾಹ್ನದವರೆಗೆ ಮಲಗುತ್ತಾರೆ. ಅತ್ತೆ ಟೀವಿ ಸಣ್ಣ ಮಾಡುತ್ತಾರೆ. ಮಗಳು ಕಾಲಿನ ಸದ್ದು ಮಾಡದೆ ಓಡಾಡುತ್ತಾಳೆ. ಹದಿನೈದು ವರ್ಷದಲ್ಲಿ ಅದು ನನಗೂ ತಪ್ಪು ಅನಿಸಿಲ್ಲ, ಈಗಲೂ ಅನಿಸುವುದಿಲ್ಲ. ಅದನ್ನೇ ಅವರಿಗೆ ಹೇಳಿದೆ. "ನಾನು ಕಾಪುವಿಗೆ ಹೋಗಿ ಬಂದ ದಿನ ನನಗೂ ಹಾಗೇ ಮಲಗಬೇಕು" ಅಂದೆ. ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ "ನೀನು ಯಾವತ್ತೂ ಕೇಳಲೇ ಇಲ್ಲ ಅಲ್ವಾ" ಅಂದರು. ಹೌದು, ಕೇಳಿರಲಿಲ್ಲ. ಓಟವನ್ನೇ ಕದ್ದು ತೆಗೆದ ಹೊತ್ತಿನಲ್ಲಿ ಮಾಡುತ್ತಿದ್ದೆ, ಅದರ ಮೇಲೆ ನಿದ್ದೆಯನ್ನೂ ಕೇಳುವುದು ದುರಾಸೆ ಅನಿಸುತ್ತಿತ್ತು.

ಈಗ ಭಾನುವಾರ ಮತ್ತು ಸೋಮವಾರದ ಅಡುಗೆಮನೆ ಅವರದ್ದು. ಸೋಮವಾರ ಆರೂವರೆ ತನಕ ನಾನು ಏಳುವುದಿಲ್ಲ. ಲಾಂಗ್ ರನ್ ಮುಗಿಸಿ ಮೆಟ್ಟಿಲು ಹತ್ತುವಾಗ ಕುಚ್ಚಲಕ್ಕಿ ಗಂಜಿ, ತುಪ್ಪ, ಉಪ್ಪಿನಕಾಯಿ, ಎರಡು ಮೊಟ್ಟೆ ಮೇಜಿನ ಮೇಲೆ ಇರುತ್ತವೆ. ಶೂ ಬಿಚ್ಚುವ ಮೊದಲು ಒಂದು ಬೊಂಡ, ಅಂದರೆ ಎಳನೀರು. ಅತ್ತೆ ಮಳೆಗಾಲದ ಆಟಿ ತಿಂಗಳ ಮೆಂತೆ ಗಂಜಿಯನ್ನು ನನಗೋಸ್ಕರ ಬೇರೆ ತಿಂಗಳಲ್ಲೂ ಮಾಡತೊಡಗಿದ್ದಾರೆ. ಅವರಿಗೆ ಓಟದ ಲೆಕ್ಕ ಗೊತ್ತಿಲ್ಲ, ಮೈ ದಣಿದವರಿಗೆ ಏನು ಕೊಡಬೇಕು ಅಂತ ಗೊತ್ತಿದೆ.

ಉಳಿದ ಬದಲಾವಣೆ ಬೇಗ ಹೇಳಿಬಿಡುತ್ತೇನೆ. ವಾರಕ್ಕೆ ನಾಲ್ಕೇ ಓಟ. ಅದರಲ್ಲಿ ಕಷ್ಟದ್ದು ಒಂದು, ಲಾಂಗ್ ಒಂದು. ಹಗುರ ದಿನ ವಾಚ್ ನೋಡುವುದಿಲ್ಲ, ಪೂರ್ತಿ ವಾಕ್ಯ ಮಾತಾಡಲು ಆಗುತ್ತದಾ ಅಂತ ನೋಡುತ್ತೇನೆ. ನಾಲ್ಕನೇ ವಾರ ದೂರವನ್ನು ಮೂರನೇ ಒಂದು ಭಾಗ ಇಳಿಸುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ, ಹಾಸಿಗೆಯಲ್ಲೇ, ನಾಡಿ ಎಣಿಸಿ ಬರೆಯುತ್ತೇನೆ. ನನ್ನದು ಸಾಮಾನ್ಯವಾಗಿ 56. ಆ ಅಕ್ಟೋಬರಿನ ಪುಟಗಳನ್ನು ತಿರುಗಿಸಿ ನೋಡಿದರೆ ವಾಚೇ ಬರೆದಿಟ್ಟ ಅಂಕಿ 64, 66, 65. ಮೈ ಹೇಳುತ್ತಲೇ ಇತ್ತು. ಈಗ ಎರಡು ದಿನ ಸಾಲಾಗಿ ಅರವತ್ತು ದಾಟಿದರೆ ಅವತ್ತಿನ ಕಷ್ಟದ ಓಟ ಬಿಟ್ಟುಬಿಡುತ್ತೇನೆ. ಮತ್ತೆ ವಾರಕ್ಕೊಮ್ಮೆ, ಶನಿವಾರ ರಾತ್ರಿ, ಎರಡೂ ಕಾಲಿಗೆ ಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ಮೇಲಿಂದ ಕೆಳಗೆ ಒತ್ತಿಕೊಂಡು ಬರುತ್ತೇನೆ. ಒಂದು ಕಡೆ ನೋವಾದರೆ ಇನ್ನೊಂದು ಕಾಲಲ್ಲಿ ಅದೇ ಜಾಗ ಒತ್ತುತ್ತೇನೆ. ನೋವು ಉದ್ದಕ್ಕೆ ಹರಡಿದ್ದರೆ ಓಟ ಕಡಿಮೆ ಮಾಡಿ ಕಾಯುತ್ತೇನೆ. ಒಂದೇ ಬಿಂದುವಿನಲ್ಲಿ ಚುಚ್ಚಿದರೆ ಓಟ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು ಅಂತ ತೀರ್ಮಾನ ಮಾಡಿದ್ದೇನೆ. ಇಲ್ಲಿಯವರೆಗೆ ಹೋಗಬೇಕಾಗಿ ಬಂದಿಲ್ಲ.

2024ರ ಫೆಬ್ರವರಿಯಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆಯಿಂದ ಮತ್ತೆ ಶುರು ಮಾಡಿದೆ. ಮಲ್ಪೆ ಬಂದರಿನಲ್ಲಿ ಜೂನ್ ಒಂದರಿಂದ ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಸಾಲಾಗಿ ಕಟ್ಟಿದ ಬೋಟು, ಬಲೆ ಹರಡಿ ಹರಿದದ್ದನ್ನು ಹೊಲಿಯುತ್ತಾ ಕೂತ ಜನ. ಆ ಮಳೆಗಾಲ ಅವರ ಪಕ್ಕದಲ್ಲಿ ನಿಧಾನವಾಗಿ ಓಡಿಕೊಂಡು ಹೋಗುವಾಗ ಹಿಂದೆ ಬಿದ್ದೆ ಅನ್ನುವ ಸಂಕಟ ಬಹಳ ಕಡಿಮೆಯಾಗಿತ್ತು.

2025ರ ಜನವರಿಯಲ್ಲಿ ಮುಂಬಯಿಯಲ್ಲಿ ಓಡಿದೆ. ಕೊನೆಯ ಭಾಗದಲ್ಲಿ ಪೆಡ್ಡರ್ ರಸ್ತೆಯ ಏರು ಬರುವಾಗ ಸುತ್ತ ಬಹಳ ಜನ ನಡೆಯುತ್ತಿದ್ದರು. ನಾನು ನಡೆಯಲಿಲ್ಲ. ನಾಲ್ಕು ಗಂಟೆ ನಲವತ್ತೊಂದು ನಿಮಿಷ. ಊರಿಗೆ ಬಂದು ಮಾವನಿಗೆ ಫೋನ್ ಮಾಡಿದೆ. ಟೈಮ್ ಹೇಳಿದೆ. ಅದು ಜಾಸ್ತಿಯೋ ಕಡಿಮೆಯೋ ಅವರಿಗೆ ಗೊತ್ತಿಲ್ಲ.

"ಕಾಲು ನೋಡಿದ್ಯಾ?" ಅಂತ ಕೇಳಿದರು.

"ನೋಡಿದೆ ಮಾವ. ಎಲ್ಲೂ ಇಲ್ಲ."

"ಎಷ್ಟು ದಿನ ಬಿಡ್ತೀ?"

"ಎರಡು ವಾರ ಓಡೂದಿಲ್ಲ."

"ಹಾಂ. ನೀರಿಗೆ ಇಳಿ."

ಸಂಜೆ ಮಗಳ ಜೊತೆ ಮಲ್ಪೆಗೆ ಹೋದೆ. ಅಲೆ ಸಣ್ಣದಿತ್ತು. ಸೊಂಟದ ತನಕ ನೀರಿನಲ್ಲಿ ನಿಂತೆ. ನೀರು ಬೆಚ್ಚಗಿತ್ತು.